ಜಾತ್ರೆಗೆ ಜ್ವರ, ಕೊಯ್ಲಿಗೆ ಹೊಟ್ಟೆನೋವು: ಅಂಗಡಿ ಹುಡುಗರ ಕಾಯಿಲೆ ರಜೆ, ಯಾರ ತಪ್ಪು ಎಷ್ಟು?

ಸಾಗರ: ಬೆಳಿಗ್ಗೆ ಎಂಟೂ ಮುಕ್ಕಾಲು. ಶಟರ್ ಎತ್ತಿ, ಮುಂದಿನ ಕಟ್ಟೆಗೆ ನೀರು ಹಾಕಿ, ದೇವರ ಫೋಟೋಗೆ ಊದುಬತ್ತಿ ಹಚ್ಚೋ ಹೊತ್ತು. ಮಾಲೀಕರ ಮೊಬೈಲ್‌ಗೆ ಒಂದು ವಾಟ್ಸ್‌ಆ್ಯಪ್ ಬರುತ್ತೆ. "ಅಣ್ಣ ಜ್ವರ, ಇವತ್ತು ಬರಲ್ಲ." ಫೋನ್ ಮಾಡಿದ್ರೆ ಸ್ವಿಚ್ ಆಫ್. ಸಂಜೆ ಅದೇ ಹುಡುಗನ ಸ್ಟೇಟಸ್‌ನಲ್ಲಿ ಯಾವುದೋ ಮದುವೆ ಮನೆಯ ಫೋಟೋ.

ನಮ್ಮ ತಾಲೂಕಿನಲ್ಲಿ ಅಂಗಡಿ, ಹೋಟೆಲ್, ಮೆಡಿಕಲ್, ಗ್ಯಾರೇಜ್ ನಡೆಸುವ ಯಾರನ್ನು ಮಾತಾಡಿಸಿದ್ರೂ ಇಂಥದ್ದೊಂದು ಕಥೆ ಸಿಗುತ್ತೆ. ಈಗಿನ ಹುಡುಗರಿಗೆ ಕೆಲಸ ಬೇಡ, ಸಂಬಳ ಮಾತ್ರ ಬೇಕು ಅಂತ ಮಾತು ಶುರುವಾದ್ರೆ ಟೀ ಮುಗಿದ್ರೂ ಮುಗಿಯಲ್ಲ. ಕೆಲಸದ ಹುಡುಗರ ಹತ್ತಿರ ಕೂತ್ರೆ ಬೇರೆ ಕಥೆ. ನಿಜ ಹೇಳಿದ್ರೆ ರಜೆ ಎಲ್ಲಿ ಕೊಡ್ತಾರೆ ಅಂತಾರೆ.

ನಾನು ಎರಡೂ ಕಡೆ ಕೂತಿದ್ದೀನಿ. ಈಗ ಸುದ್ದಿಗಾಗಿ, ಮೊದಲು ಸಂಬಳಕ್ಕಾಗಿ. ನನಗೆ ಅನಿಸಿದ್ದು ಇಷ್ಟು: ಸುಳ್ಳು ಕಾಯಿಲೆ ಹೇಳೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಸುಳ್ಳಿನಲ್ಲಿ ದೊಡ್ಡ ಪಾಲು ಹುಟ್ಟೋದು ನಿಜವಾದ ಕಾರಣ ಹೇಳಿ ರಜೆ ಕೇಳೋಕೆ ದಾರಿ ಇಲ್ಲದ ಅಂಗಡಿಗಳಲ್ಲಿ. ಆ ದಾರಿಯನ್ನು ಕಾನೂನು ಯಾವತ್ತೋ ಮಾಡಿಕೊಟ್ಟಿದೆ. ಅದು ಬಹಳ ಜನರಿಗೆ ಗೊತ್ತಿಲ್ಲ.

ಜ್ವರ ಬರೋದು ಯಾವಾಗ?

ಅಂಗಡಿಯವರ ಹಾಜರಿ ಪುಸ್ತಕ ತೆಗೆದು ನೋಡಿದ್ರೆ ಒಂದು ಲೆಕ್ಕ ಕಾಣುತ್ತೆ. ವಾರದ ರಜೆಯ ಹಿಂದಿನ ದಿನ ಅಥವಾ ಮಾರನೇ ದಿನ. ಊರಿನ ದೇವರ ಕಾರ್ಯ ಇದ್ದಾಗ. ಮೂರು ವರ್ಷಕ್ಕೊಮ್ಮೆ ಬರೋ ಮಾರಿಕಾಂಬಾ ಜಾತ್ರೆಯಲ್ಲಂತೂ ಕೇಳೋದೇ ಬೇಡ, ವ್ಯಾಪಾರ ಜೋರಾಗಿರೋ ದಿನವೇ ಅರ್ಧ ಪೇಟೆಯ ಹುಡುಗರಿಗೆ ಮೈ ಬಿಸಿ.

ಇನ್ನೊಂದು ಅಡಿಕೆ ಕೊಯ್ಲಿನ ಸೀಸನ್. ಕೊನೆ ಕೊಯ್ಯೋಕೆ, ಹೊರೋಕೆ, ಸುಲಿಯೋಕೆ ಜನ ಸಿಗಲ್ಲ. ಅಂಗಡಿಯ ಒಂದು ದಿನದ ಸಂಬಳಕ್ಕಿಂತ ಕೂಲಿ ಜಾಸ್ತಿ ಸಿಗುತ್ತೆ. ಮನೆಯಲ್ಲೇ ಅರ್ಧ ಎಕರೆ ತೋಟ ಇದ್ದವರಿಗೆ ತಮ್ಮ ಕೊಯ್ಲಿನ ದಿನ ಹೋಗದೆ ಇರೋಕೂ ಆಗಲ್ಲ. ಕೊನೆಗಾರ ಬರ್ತೀನಿ ಅಂದ ದಿನವೇ ಕೊಯ್ಲು, ಅವನು ನಮ್ಮ ಅಂಗಡಿ ರಜೆ ನೋಡಿ ಬರಲ್ಲ.

ಹೊಳೆ ಆಚೆಯವರಿಗೆ ಮೊದಲೆಲ್ಲ ಒಂದು ಗಟ್ಟಿ ಕಾರಣ ಇತ್ತು: ಲಾಂಚ್ ತಪ್ಪಿತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದ ಮೇಲೆ ಅದೂ ಹೋಯ್ತು. ಈಗ ಉಳಿದಿರೋದು ಜ್ವರ ಒಂದೇ.

ತಮಾಷೆ ಇಲ್ಲಿಗೆ ಸಾಕು. ಯಾಕಂದ್ರೆ ನಮ್ಮ ಕಡೆ ಜ್ವರ ಅನ್ನೋದು ಹಗುರವಾಗಿ ತಗೊಳ್ಳೋ ಮಾತಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರ ಬೇಸಿಗೆಗೆ ಮೊದಲೇ ನಮ್ಮ ಅರಳಗೋಡು ಭಾಗದಲ್ಲಿ ಅದು ಜೀವ ತೆಗೆದದ್ದನ್ನು ಯಾರೂ ಮರೆತಿಲ್ಲ. ಅದು ಹೆಚ್ಚಾಗಿ ಕಾಣಿಸಿಕೊಳ್ಳೋದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಮಳೆಗಾಲದಲ್ಲಿ ಡೆಂಗಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಬೇಕಾಯ್ತು.

ಅಂದ್ರೆ ಕೊಯ್ಲಿನ ಸುಳ್ಳು ಜ್ವರದ ಕಾಲವೂ ಮಂಗನ ಕಾಯಿಲೆಯ ನಿಜ ಜ್ವರದ ಕಾಲವೂ ಒಂದೇ. ಹತ್ತು ಜನ ಸುಳ್ಳು ಹೇಳಿದ ಮೇಲೆ ಹನ್ನೊಂದನೆಯವನು ನಿಜವಾಗಿ ನಡುಗ್ತಾ ಫೋನ್ ಮಾಡಿದ್ರೆ ಮಾಲೀಕರು ನಂಬಲ್ಲ. ಅವನು ಮಾತ್ರೆ ನುಂಗಿ ಕೆಲಸಕ್ಕೆ ಬರ್ತಾನೆ. ಆಸ್ಪತ್ರೆಗೆ ಹೋಗೋದು ಮೂರು ದಿನ ತಡ ಆಗುತ್ತೆ. ಕಾಯಿಲೆ ರಜೆ ದುರುಪಯೋಗದಲ್ಲಿ ನನಗೆ ಎಲ್ಲಕ್ಕಿಂತ ಭಯ ಆಗೋದು ಇದೇ. ಮಾಲೀಕರ ನಷ್ಟ ಒಂದು ದಿನದ್ದು, ಇವನದ್ದು ಜೀವದ ಪ್ರಶ್ನೆ.

ಕಾನೂನು ಏನು ಹೇಳುತ್ತೆ?

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಪೇಟೆಯ ಬಟ್ಟೆ ಅಂಗಡಿ, ಕಿರಾಣಿ, ಮೊಬೈಲ್ ಅಂಗಡಿ, ಹೋಟೆಲ್ ಎಲ್ಲ ಇದರೊಳಗೇ ಬರ್ತವೆ. ಲೈಸೆನ್ಸ್ ರಿನ್ಯೂವಲ್ ಹೊತ್ತಿಗೆ ಮಾತ್ರ ನೆನಪಾಗೋ ಈ ಕಾಯ್ದೆಯಲ್ಲಿ 15ನೇ ಕಲಂ ರಜೆಗೇ ಮೀಸಲು. 20 ದಿನ ಕೆಲಸಕ್ಕೆ 1 ದಿನದ ಗಳಿಕೆ ರಜೆ. ಅದಲ್ಲದೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ. ಈ 12 ದಿನ ಯಾತಕ್ಕೆ? ಕಾಯಿಲೆಗೆ, ಅಪಘಾತಕ್ಕೆ, ಅಥವಾ ಬೇರೆ ಯಾವುದೇ ಸಮಂಜಸ ಕಾರಣಕ್ಕೆ.

ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಬೇರೆ ಯಾವುದೇ ಸಮಂಜಸ ಕಾರಣ. ಮಗುವಿಗೆ ಹುಷಾರಿಲ್ಲ, ತಂಗಿ ಮದುವೆ ಮಾತುಕತೆ ಇದೆ, ಮನೆ ಕೊಯ್ಲು ಇದೆ, ಪರೀಕ್ಷೆ ಇದೆ ಅಂತ ಕೇಳಿದ್ರೆ ಅದನ್ನು ಸಮಂಜಸ ಅಲ್ಲ ಅನ್ನೋದು ಕಷ್ಟ. ಅದೇ 12 ದಿನದಲ್ಲಿ ನಿಜ ಹೇಳಿಯೇ ರಜೆ ಪಡೆಯಬಹುದಾದ ಮನುಷ್ಯ ಸುಳ್ಳು ಜ್ವರ ಹೇಳ್ತಾನೆ. ಮಾಲೀಕರೂ ಜ್ವರ ಅಂದ್ರೆ ಮಾತ್ರ ಒಪ್ಪಿಕೊಳ್ತಾರೆ.

ಸರ್ಕಾರಿ ನೌಕರರಿಗೆ ಸಾಂದರ್ಭಿಕ ರಜೆ, ಗಳಿಕೆ ರಜೆ, ಅರ್ಧ ವೇತನ ರಜೆ, ಪರಿವರ್ತಿತ ರಜೆ ಅಂತ ಒಂದೊಂದಕ್ಕೆ ಒಂದೊಂದು ಹೆಸರಿದೆ. ಪೇಟೆ ಅಂಗಡಿಯ ಹುಡುಗನಿಗೆ ಇರೋದು ಎರಡೇ: ಬಂದ, ಬರಲಿಲ್ಲ. ಬರದಿದ್ರೆ ಸಂಬಳ ಕಟ್. ಕಾಯಿಲೆ ಅಂದ್ರೆ ಕೆಲವರು ಕಟ್ ಮಾಡಲ್ಲ. ಆಗ ಎಲ್ಲರೂ ಕಾಯಿಲೆ ಅಂತಲೇ ಹೇಳ್ತಾರೆ.

ಸ್ವಲ್ಪ ದೊಡ್ಡ ಸಂಸ್ಥೆಗಳಿಗೆ ಇಎಸ್‌ಐ ಇದೆ. 10 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅನ್ವಯ. ನೌಕರನ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25. ತಿಂಗಳಿಗೆ 12,000 ಸಂಬಳ ಅಂದ್ರೆ ನೌಕರನದ್ದು 90 ರೂಪಾಯಿ, ಮಾಲೀಕರದ್ದು 390. ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ರೆ, ಕಾಯಿಲೆ ಬಿದ್ದಾಗ ದಿನದ ಸರಾಸರಿ ಸಂಬಳದ ಶೇ 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ಇಎಸ್‌ಐನವರೇ ಕೊಡ್ತಾರೆ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಇದು ಸಿಗಲ್ಲ. ಸುಳ್ಳು ಹೇಳಿ ಈ ಹಣ ತಗೊಂಡ್ರೆ ಶಿಕ್ಷೆ ಇದೆ. ನಿಜವಾಗಿ ಕಾಯಿಲೆ ಸೌಲಭ್ಯದಲ್ಲಿ ಇರುವವರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆದ್ರೆ ಅದೂ ಕಾನೂನುಬಾಹಿರ.

ನಮ್ಮಲ್ಲಿ ಹೆಚ್ಚಿನ ಅಂಗಡಿಗಳಲ್ಲಿ ಇರೋದು ಮೂರೋ ನಾಲ್ಕೋ ಜನ. ಇಎಸ್‌ಐ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಆ 12 ದಿನವೇ ಇವರಿಗೆ ಎಲ್ಲ.

ಚೀಟಿ ತಂದ್ರೆ ಮುಗೀತಾ?

ಡಾಕ್ಟರ್ ಸರ್ಟಿಫಿಕೇಟ್ ತಂದು ಕೊಡು ಅನ್ನೋದು ಮಾಲೀಕರ ಕೈಯಲ್ಲಿರೋ ದೊಡ್ಡ ಅಸ್ತ್ರ. ಒಂದು ದಿನದ ಜ್ವರಕ್ಕೆ ಚೀಟಿ ಕೇಳಿದ್ರೆ ಏನಾಗುತ್ತೆ ನೋಡಿ. ಹಳ್ಳಿಯಲ್ಲಿ ಮಲಗಿರೋ ಮನುಷ್ಯ ಬಸ್ ಹತ್ತಿ ಪೇಟೆಗೆ ಬರಬೇಕು, ಆಸ್ಪತ್ರೆ ಸಾಲಿನಲ್ಲಿ ಕೂರಬೇಕು ಅಥವಾ ಖಾಸಗಿ ಕ್ಲಿನಿಕ್‌ನಲ್ಲಿ ದುಡ್ಡು ಕೊಡಬೇಕು. ನಿಜವಾದ ರೋಗಿಗೆ ಇದು ಹಿಂಸೆ. ಸುಳ್ಳು ಹೇಳೋನಿಗೆ ಪರಿಚಯದ ಕಡೆ ಒಂದು ಚೀಟಿ ಹೊಂದಿಸೋದು ದೊಡ್ಡ ವಿಷಯ ಅಲ್ಲ.

ವೈದ್ಯರಿಗೂ ನಿಯಮ ಇದೆ. 2002ರ ವೈದ್ಯಕೀಯ ಮಂಡಳಿ ನೀತಿಸಂಹಿತೆ ಪ್ರಕಾರ, ಕೊಟ್ಟ ಪ್ರತಿ ಸರ್ಟಿಫಿಕೇಟ್‌ನ ವಿವರವನ್ನು ಒಂದು ರಿಜಿಸ್ಟರ್‌ನಲ್ಲಿ ಬರೆದಿಡಬೇಕು, ರೋಗಿಯ ಸಹಿ ಅಥವಾ ಗುರುತು ದಾಖಲಿಸಬೇಕು, ಪ್ರತಿಯನ್ನು ಇಟ್ಟುಕೊಳ್ಳಬೇಕು. ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಸುಳ್ಳು ಸರ್ಟಿಫಿಕೇಟ್ ಕೊಟ್ಟದ್ದು ಸಾಬೀತಾದ್ರೆ ನೋಂದಣಿಯೇ ಹೋಗಬಹುದು. ಹಾಗಾಗಿ ಅನುಮಾನ ಬಂದ ಮಾಲೀಕರು ಹುಡುಗನ ಮನೆಗೆ ಬೈಕ್ ತಗೊಂಡು ಹೋಗೋ ಬದಲು ಚೀಟಿಯಲ್ಲಿ ನೋಂದಣಿ ಸಂಖ್ಯೆ ಇದೆಯಾ, ತಾರೀಕು ಸರಿ ಇದೆಯಾ ಅಂತ ನೋಡಿದ್ರೆ ಸಾಕು.

ವಿಮಾನದವರಿಗೂ ಇದೇ ಕಾಯಿಲೆ

ಇದು ಸಣ್ಣ ಊರಿನ ಸಣ್ಣ ಅಂಗಡಿಗಳ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. 2022ರ ಜುಲೈ 2ರಂದು ಇಂಡಿಗೋ ಕಂಪನಿಯ ದೇಶದೊಳಗಿನ ಅರ್ಧಕ್ಕಿಂತ ಹೆಚ್ಚು ವಿಮಾನಗಳು ತಡ ಆದವು. ಸಿಬ್ಬಂದಿ ದೊಡ್ಡ ಸಂಖ್ಯೆಯಲ್ಲಿ ಕಾಯಿಲೆ ರಜೆ ಹಾಕಿದ್ದರು. ಏರ್ ಇಂಡಿಯಾದ ನೇಮಕಾತಿ ನಡೆದಿದ್ದೂ ಅದೇ ದಿನ ಅಂತ ಆಗ ವರದಿಯಾಗಿತ್ತು.

ಅದಕ್ಕಿಂತ ದೊಡ್ಡದು 2024ರ ಮೇ ತಿಂಗಳದ್ದು. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋಗೋರಿಗೆಲ್ಲ ಗೊತ್ತಿರೋ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಮೇ 7ರ ರಾತ್ರಿಯಿಂದ ನೂರಾರು ಸಿಬ್ಬಂದಿ ಒಟ್ಟಿಗೇ ಹುಷಾರಿಲ್ಲ ಅಂದರು. ಮಾರನೇ ದಿನ 80ಕ್ಕೂ ಹೆಚ್ಚು ವಿಮಾನ ರದ್ದು. ಕಂಪನಿ ಸುಮಾರು 25 ಜನರನ್ನು ಕೆಲಸದಿಂದ ತೆಗೆಯಿತು. ಮೇ 9ಕ್ಕೆ ದೆಹಲಿಯಲ್ಲಿ ಕೇಂದ್ರ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಎರಡೂ ಕಡೆಯವರು ಕೂತು ಮಾತಾಡಿದ ಮೇಲೆ ಸಿಬ್ಬಂದಿ ಕೆಲಸಕ್ಕೆ ಬಂದರು, ತೆಗೆದವರನ್ನು ಕಂಪನಿ ವಾಪಸ್ ತಗೊಂಡಿತು.

ಆ ಸಿಬ್ಬಂದಿಗೆ ಇದ್ದದ್ದು ಜ್ವರ ಅಲ್ಲ, ಸಂಬಳ ಮತ್ತು ತಾರತಮ್ಯದ ಬಗ್ಗೆ ದೂರು. ದೂರು ಕೇಳೋರು ಸಿಕ್ಕ ಎರಡೇ ದಿನಕ್ಕೆ ಕಾಯಿಲೆ ವಾಸಿಯಾಯ್ತು. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡವರು ಟಿಕೆಟ್ ತಗೊಂಡು ವಿಮಾನ ನಿಲ್ದಾಣದಲ್ಲಿ ಕೂತ ಪ್ರಯಾಣಿಕರು. ಅವರ ತಪ್ಪೇನೂ ಇರಲಿಲ್ಲ. ನಮ್ಮ ಅಂಗಡಿಯಲ್ಲೂ ಹಾಗೇ: ಒಬ್ಬ ಸುಳ್ಳು ಹೇಳಿ ಕೂತ್ರೆ ಅವನ ಕೆಲಸದ ಹೊರೆ ಬೀಳೋದು ಮಾಲೀಕರ ಮೇಲಲ್ಲ, ಪಕ್ಕದ ಕೌಂಟರ್‌ನವನ ಮೇಲೆ.

ನನ್ನ ಹೊಟ್ಟೆನೋವು

ನನ್ನದನ್ನೂ ಹೇಳಿಬಿಡ್ತೀನಿ. ಡಿಗ್ರಿ ಎರಡನೇ ವರ್ಷದಲ್ಲಿ ಮನೆ ಕಷ್ಟಕ್ಕೆ ಒಂದು ಅಂಗಡಿ ಸೇರಿದೆ. ಯಾವ ಅಂಗಡಿ ಅನ್ನೋದು ಬೇಡ, ಮಾಲೀಕರು ಕೆಟ್ಟವರೂ ಅಲ್ಲ. ಬೆಳಿಗ್ಗೆ ಕಾಲೇಜು ತಪ್ಪಿಸಿ ಕೆಲಸ, ಪರೀಕ್ಷೆ ಮಾತ್ರ ಬರೆಯೋದು ಅಂತ ನನ್ನ ಲೆಕ್ಕ. ಹಿಂದಿನ ಸೆಮಿಸ್ಟರ್‌ನ ಎರಡು ಪೇಪರ್ ಬಾಕಿ ಇತ್ತು. ಮೊದಲನೆಯದಕ್ಕೆ ನಿಜ ಹೇಳಿ ರಜೆ ಕೇಳಿದೆ. ಸೀಸನ್ ಟೈಮಲ್ಲಿ ಆಗಲ್ಲ ಅಂದರು. ಹೋಗಲಿಲ್ಲ. ಎರಡನೆಯದಕ್ಕೆ ರಾತ್ರಿಯೇ ಮೆಸೇಜ್ ಹಾಕಿದೆ, ವಾಂತಿ ಭೇದಿ ಅಂತ. ಹೋಗಿ ಬರೆದೆ.

ಸಾಗರ ಎಷ್ಟು ದೊಡ್ಡ ಊರು? ನನ್ನನ್ನು ಕಾಲೇಜು ಹತ್ತಿರ ನೋಡಿದ ಗಿರಾಕಿಯೊಬ್ಬರು ಅದೇ ಸಂಜೆ ಅಂಗಡಿಯಲ್ಲಿ ಹೇಳಿದರು. ಮಾಲೀಕರು ಬೈಯಲಿಲ್ಲ. ಮೂರು ದಿನದ ಸಂಬಳ ಹಿಡಿದರು, ಅಷ್ಟೇ. ಆಮೇಲೆ ನಾನು ನಿಜ ಹೇಳಿದ್ರೂ ಒಂದು ನಗು. ಮುಂದಿನ ಸಲ ಪರೀಕ್ಷೆ ಬಂದಾಗ ಸುಳ್ಳು ಹೇಳೋ ಹಾಗಿಲ್ಲ, ನಿಜ ಹೇಳಿ ಪ್ರಯೋಜನ ಇಲ್ಲ. ಫೀಸ್ ಕಟ್ಟಲಿಲ್ಲ. ನನ್ನ ಡಿಗ್ರಿ ಅಲ್ಲಿಗೆ ನಿಂತಿತು. ಅದಕ್ಕೆ ಅವರೊಬ್ಬರೇ ಕಾರಣ ಅಂತ ನಾನು ಹೇಳಲ್ಲ. ಕಾನೂನಿನಲ್ಲಿ ಸಮಂಜಸ ಕಾರಣ ಅನ್ನೋ ಎರಡು ಪದ ಇದೆ ಅಂತ ಆಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಅದೇ ಅಂಗಡಿಯಲ್ಲಿ ಬಿಲ್ ಹಾಕ್ತಿದ್ದ ಒಬ್ಬರು ಅಕ್ಕ ಇದ್ದರು. ಮಗುವಿಗೆ ಜ್ವರ ಬಂದಾಗಲೆಲ್ಲ ನನಗೇ ಜ್ವರ ಅಂತ ಫೋನ್ ಮಾಡ್ತಿದ್ದರು. ಮಗುವಿಗೆ ಅಂದ್ರೆ ಮನೆಯಲ್ಲಿ ಅತ್ತೆ ಇಲ್ವಾ ಅನ್ನೋ ಪ್ರಶ್ನೆ ಬರ್ತಿತ್ತು. ಒಂದು ಸಲ ನಿಜವಾಗಿ ಅವರಿಗೇ ಜ್ವರ ಬಂದಾಗ ರಜೆ ಜಾಸ್ತಿ ಆಯ್ತು ಅಂತ ಹೆದರಿ ಬಂದು ಕೌಂಟರ್‌ನಲ್ಲಿ ಶಾಲು ಹೊದ್ದು ಕೂತಿದ್ದರು.

ಲೆಕ್ಕ ಹಾಕಿ ನೋಡೋಣ

ಮಾಲೀಕರ ಕಷ್ಟವನ್ನೂ ಅಂಕಿಯಲ್ಲೇ ನೋಡೋಣ. ನಾಲ್ಕು ಜನ ಇದ್ದ ಅಂಗಡಿಯಲ್ಲಿ ಒಬ್ಬ ಬರದಿದ್ರೆ ಕಾಲು ಭಾಗ ಕೆಲಸ ನಿಂತ ಹಾಗೆ. ದೊಡ್ಡ ಕಂಪನಿಗಳ ಹಾಗೆ ಬದಲಿ ಜನ ಇರಲ್ಲ. ನಾಲ್ಕು ಜನಕ್ಕೆ 12 ದಿನದಂತೆ ವರ್ಷಕ್ಕೆ 48 ದಿನ. ಇದು ನಿಜವಾದ ಭಾರ.

ಆದ್ರೆ ದುಡ್ಡಿನ ಲೆಕ್ಕದಲ್ಲಿ? ತಿಂಗಳಿಗೆ 12,000 ಸಂಬಳದವನ ಒಂದು ದಿನ 400 ರೂಪಾಯಿ. 12 ದಿನಕ್ಕೆ 4,800. ತಿಂಗಳಿಗೆ ಹಂಚಿದ್ರೆ 400. ಹಬ್ಬದ ಹಿಂದಿನ ದಿನ ಹೇಳದೆ ಕೇಳದೆ ಇಬ್ಬರು ಕೈಕೊಟ್ಟು ಗಿರಾಕಿಗಳು ಪಕ್ಕದ ಅಂಗಡಿಗೆ ಹೋದ್ರೆ ಆಗೋ ನಷ್ಟ ಇದಕ್ಕಿಂತ ಎಷ್ಟು ಅಂತ ಅಂಗಡಿಯವರಿಗೇ ಗೊತ್ತು. ಮಾಲೀಕರಿಗೆ ಏಟು ಬೀಳೋದು ರಜೆಯಿಂದ ಅಷ್ಟಲ್ಲ, ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಗೊತ್ತಾಗೋ ರಜೆಯಿಂದ. ಹದಿನೈದು ದಿನ ಮೊದಲೇ ಗೊತ್ತಾದ್ರೆ ಹೊಂದಿಸಿಕೊಳ್ಳಬಹುದು.

ಹಾಗಾದ್ರೆ ಏನು ಮಾಡಬಹುದು?

1. 12 ದಿನದ ಲೆಕ್ಕವನ್ನು ಬಾಯಲ್ಲಿ ಬೇಡ, ಪುಸ್ತಕದಲ್ಲಿ ಬರೆದಿಡಿ. ವರ್ಷದ ಮೊದಲೇ ಎಲ್ಲರಿಗೂ ಹೇಳಿ: ಇಷ್ಟು ದಿನ ನಿಮ್ಮದು, ಕಾರಣ ನಿಜ ಹೇಳಿ. ಯಾರು ಎಷ್ಟು ತಗೊಂಡ್ರು ಅಂತ ಅವರೂ ನೋಡೋ ಹಾಗಿರಲಿ. ಕೆಲಸಕ್ಕೆ ಸೇರಿದಾಗ ನೇಮಕಾತಿ ಪತ್ರ ಕೊಡಬೇಕು ಅಂತಲೂ ಇದೇ ಕಾಯ್ದೆ ಹೇಳುತ್ತೆ. ಅದರಲ್ಲೇ ರಜೆ ನಿಯಮ ಬರೆದ್ರೆ ಮುಂದೆ ತಕರಾರು ಇರಲ್ಲ.

2. ಜಾತ್ರೆ, ಕೊಯ್ಲು, ಪರೀಕ್ಷೆ, ಮದುವೆ ಇವೆಲ್ಲ ಮೊದಲೇ ಗೊತ್ತಿರೋ ವಿಷಯ. ತಿಂಗಳ ಶುರುವಿನಲ್ಲಿ ಕೂತು ಯಾರಿಗೆ ಯಾವ ದಿನ ಬೇಕು ಕೇಳಿ. ಜಾತ್ರೆಗೆ ಎಲ್ಲರಿಗೂ ಒಂದೇ ದಿನ ಆಗಲ್ಲ, ಸರದಿ ಹಾಕಿ.

3. ಒಂದೆರಡು ದಿನದ ಕಾಯಿಲೆಗೆ ಚೀಟಿ ಕೇಳಬೇಡಿ, ಮೂರನೇ ದಿನದಿಂದ ಕೇಳಿ. ಎಷ್ಟೋ ಕಂಪನಿಗಳಲ್ಲಿ ಇರೋ ರೂಢಿ ಇದು. ಆದ್ರೆ ಮೆಸೇಜ್ ಸಾಲದು, ಅಂಗಡಿ ತೆಗೆಯೋ ಮೊದಲು ಫೋನ್ ಮಾಡಿ ಹೇಳಬೇಕು ಅನ್ನೋ ನಿಯಮ ಎಲ್ಲರಿಗೂ ಒಂದೇ ಇರಲಿ, ಮಾಲೀಕರ ಸಂಬಂಧಿಕರ ಹುಡುಗನಿಗೂ.

4. ವಾಪಸ್ ಬಂದ ದಿನ ಎರಡು ನಿಮಿಷ ಮಾತಾಡಿಸಿ. ಹೇಗಿದ್ದೀಯಾ ಅಂತ ಕೇಳಿ. ಪ್ರತಿ ವಾರದ ರಜೆ ಮಾರನೇ ದಿನವೇ ಜ್ವರ ಬರ್ತಿದ್ರೆ ಪುಸ್ತಕ ತೋರಿಸಿ ನೇರವಾಗಿ ಕೇಳಿ. ಎಲ್ಲರೆದುರು ಬೇಡ. ಅಂಗಡಿ ಗ್ರೂಪ್‌ನಲ್ಲಿ ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಹಾಕಿ ಮರ್ಯಾದೆ ತೆಗೆದ್ರೆ ಮುಂದಿನ ತಿಂಗಳು ಅವನು ಸ್ಟೇಟಸ್ ಹೈಡ್ ಮಾಡೋದು ಕಲೀತಾನೆ ಅಷ್ಟೆ.

5. ಉಳಿದ ರಜೆಗೆ ದೀಪಾವಳಿ ಹೊತ್ತಿಗೆ ದುಡ್ಡು ಕೊಡೋ ಪದ್ಧತಿ ಕೆಲವು ಕಡೆ ಇದೆ. ಸುಳ್ಳು ರಜೆ ಕಡಿಮೆ ಆಗುತ್ತೆ ನಿಜ. ಆದ್ರೆ ದುಡ್ಡಿನ ಆಸೆಗೆ ಕಾಯಿಲೆ ಇದ್ದವರೂ ಬರ್ತಾರೆ. ಹೋಟೆಲ್, ಬೇಕರಿಯವರು ಈ ವಿಷಯದಲ್ಲಿ ಹುಷಾರಾಗಿರಬೇಕು. ವಾಂತಿ ಭೇದಿ ಇದ್ದವನು ಇಡ್ಲಿ ಬಡಿಸಿದ್ರೆ ಊರಿಗೇ ಹಂಚಿದ ಹಾಗೆ.

6. ಹೇಳಿ ನೋಡಿದ್ರೂ ಬದಲಾಗದಿದ್ರೆ ಲಿಖಿತ ಎಚ್ಚರಿಕೆ ಕೊಡಿ, ಸುಳ್ಳು ಅಂತ ಗೊತ್ತಾದ ದಿನದ ಸಂಬಳ ಹಿಡೀರಿ. ಒಂದು ದಿನದ ಸುಳ್ಳಿಗೆ ಮೂರು ದಿನದ ಸಂಬಳ ಹಿಡಿಯೋದು ಬೇಡ. ಕೆಲಸದಿಂದ ತೆಗೆಯೋ ಮಟ್ಟಕ್ಕೆ ಹೋದ್ರೆ ಕಾಯ್ದೆಯ 39ನೇ ಕಲಂ ನೆನಪಿರಲಿ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ತೆಗೆಯೋಕೆ ಸಮಂಜಸ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು. ತಪ್ಪು ವಿಚಾರಣೆಯಲ್ಲಿ ಸಾಬೀತಾಗಿದ್ರೆ ಮಾತ್ರ ನೋಟಿಸ್ ಬೇಕಿಲ್ಲ. ನಾಳೆಯಿಂದ ಬರಬೇಡ ಅಂತ ಫೋನ್‌ನಲ್ಲಿ ಹೇಳೋದು ನಡೆಯಲ್ಲ.

ನಂಬಿಕೆಯ ಇನ್ನೊಂದು ಪರೀಕ್ಷೆ

ಈ ಚರ್ಚೆಗೆ ಈಗ ಇನ್ನೊಂದು ವಿಷಯ ಸೇರಿದೆ. 2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ಋತುಚಕ್ರ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು, ನವೆಂಬರ್‌ನಲ್ಲಿ ಆದೇಶ ಬಂತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ವೈದ್ಯರ ಸರ್ಟಿಫಿಕೇಟ್ ಬೇಕಿಲ್ಲ, ಈ ತಿಂಗಳದ್ದನ್ನು ಮುಂದಿನ ತಿಂಗಳಿಗೆ ಸೇರಿಸಿಕೊಳ್ಳೋ ಹಾಗಿಲ್ಲ. ಅಂಗಡಿ ಕಾಯ್ದೆಯ ಸಂಸ್ಥೆಗಳನ್ನೂ ಆದೇಶದಲ್ಲಿ ಸೇರಿಸಲಾಗಿದೆ. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಇದನ್ನು ಪ್ರಶ್ನಿಸಿ ಹೈಕೋರ್ಟ್‌ಗೆ ಹೋಯಿತು.

ಪೇಟೆಯಲ್ಲಿ ಇದರ ಬಗ್ಗೆ ಕೇಳಿಬರೋ ಮೊದಲ ಮಾತು ದುರುಪಯೋಗ ಆಗುತ್ತೆ ಅಂತಲೇ. ಒಂದಿಷ್ಟು ಆಗಲೂಬಹುದು. ಆದ್ರೆ ನಮ್ಮ ಅಂಗಡಿಗಳಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಸೀರೆ ಮಡಚೋ ಹೆಂಗಸರು ಇಷ್ಟು ವರ್ಷ ಆ ದಿನ ಏನು ಹೇಳಿ ರಜೆ ತಗೋತಿದ್ದರು? ತಲೆನೋವು, ಜ್ವರ ಅಂತಲೇ. ಕಾರಣ ಬೇರೆ ಇದ್ದಾಗ್ಲೂ ಜ್ವರ ಅಂತ ಹೇಳೋದನ್ನು ಅವರಿಗೂ ಕಲಿಸಿದ್ದು ನಮ್ಮ ಪದ್ಧತಿಯೇ.

ಕೆಲಸ ಮಾಡೋ ಗೆಳೆಯರಿಗೂ ಒಂದು ಮಾತು. ನಿಮ್ಮ ಹಕ್ಕಿನ ರಜೆ ಕೇಳಿ ತಗೊಳ್ಳಿ, ಕೊಡದಿದ್ರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ದೂರು ಕೊಡೋ ದಾರಿ ಇದೆ. ಆದ್ರೆ ಬಾರದ ಜ್ವರವನ್ನು ಬಂತು ಅನ್ನಬೇಡಿ. ಇದೇ ಪೇಟೆಯಲ್ಲಿ ನಾಳೆ ಯಾರೋ ಒಬ್ಬರಿಗೆ ನಿಜವಾಗಿ ಮೈ ಸುಡ್ತಿರುತ್ತೆ. ಅವರು ಫೋನ್ ಮಾಡಿದಾಗ ಆ ಕಡೆಯಿಂದ ಮೊದಲು ಬರೋ ಮಾತು "ಆಸ್ಪತ್ರೆಗೆ ಹೋದ್ಯಾ?" ಅಂತ ಇರಬೇಕು.